ಜೇಬಿರುವ ನಿಲುವಂಗಿ

ಜನವರಿ ೧೧

ಹಿಂದೆ ನಮ್ಮಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನಿಗೆ,

ನಾನು ಯಾರೆಂಬುದನ್ನು ನೀನು ಮರೆತಂತಿದೆ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಈ ಹೊಲಿಗೆಮನೆಯ ಒಡತಿ ನಾನು. ಅಪ್ಪ ಸಾಯುವಾಗ ಕತ್ತರಿಯನ್ನು ಮಗನ ಕೈಗೆ ಕೊಟ್ಟು ಮನೆಯನ್ನು ಮಗಳ ಕೈಗೆ ಕೊಟ್ಟರು. ಯಾಕೆ ಹಾಗೆ ಮಾಡಿದರೆಂದು ಆಮೇಲೆ ಎಲ್ಲರಿಗೂ ತಿಳಿಯಿತು. ಸುತ್ತಲಿನ ಕ್ರೈಸ್ತ ಸಭೆಗಳಲ್ಲಿ ಪೀಠದ ಮುಂದೆ ನಿಲ್ಲುವ ಸಭಾಪಾಲಕ ಅಯ್ಯನವರುಗಳ ಮೈಮೇಲಿರುವುದು ನನ್ನ ಮನೆಯ ಹೊಲಿಗೆ. ನಮ್ಮ ಸಭೆಯ ಸಮಿತಿಗೆ ನಾನೇ ಅಧ್ಯಕ್ಷೆ. ಆರಾಧನೆಯಲ್ಲಿ ಮುಂದಿನ ಸಾಲಿನ ಎಡತುದಿ ನನ್ನದು. ಜ್ವರ ಬಂದು ನಾನು ಮನೆಯಲ್ಲಿ ಮಲಗಿದ್ದರೂ ಅಲ್ಲಿ ಬೇರೆಯವರು ಕೂರುವುದಿಲ್ಲ. ಓದಿದ್ದು ಹೈಸ್ಕೂಲಿನವರೆಗೆ, ಆದರೂ ಬಿಷಪ್ಪರಿಗೆ ಬರೆಯುವ ಪತ್ರವನ್ನು ಕೂಡ ಯಾರ ಕೈಯಲ್ಲೂ ತಿದ್ದಿಸುವುದಿಲ್ಲ. ಮತ್ತು ನಾನು ಒಬ್ಬ ಮಗಳ ತಾಯಿ. ನಿನಗೆ ಅಕ್ಕ ಅಲ್ಲ. ಆ ಸಂಬಂಧ ಇಸ್ತ್ರಿ ಕೋಣೆಯ ಬಾಗಿಲಿನ ಜೊತೆಗೇ ಸುಟ್ಟುಹೋಯಿತು.

ನಿನ್ನ ಪತ್ರವನ್ನು ಕತ್ತರಿಸುವ ಮೇಜಿನ ಹತ್ತಿರ ನಿಂತೇ ಓದಿದೆ. ಗುಂಡಿ ಅಜ್ಜಿ ಅಲ್ಲೇ ಕೂತಿದ್ದಳು. ಅವಳು ಇನ್ನೂ ಇದ್ದಾಳೆ, ಇನ್ನೂ ಗುಂಡಿ ಹಚ್ಚುತ್ತಾಳೆ, ಬಾಯಿ ಇನ್ನೂ ನಿಂತಿಲ್ಲ.

"ಯಾರ ಕಾಗದ ಅಮ್ಮಾವ್ರೇ? ಮುಖ ಯಾಕೆ ಹಾಗಾಯ್ತು?"

"ಸತ್ತವನದು."

"ಓಹೋ, ಸತ್ತವರಿಗೂ ಅಂಚೆ ಶುರುವಾಯ್ತಾ? ಹಾಗಾದ್ರೆ ನಮ್ಮ ಯಜಮಾನರಿಗೆ ಒಂದು ಕಾಗದ ಹಾಕ್ಬೇಕು. ಬೀರು ಕೀಲಿ ಎಲ್ಲಿಟ್ಟು ಹೋದಿರಿ ಅಂತ ಕೇಳೋದಿದೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೀಲಿ ಎಂಬ ಮಾತು ಈ ಮನೆಯಲ್ಲಿ ನಗುವಿಗೆ ಬರುವುದಿಲ್ಲ.

ನೀನು ಕ್ರಿಸ್ತನಲ್ಲಿ ಹೊಸ ಮನುಷ್ಯನಾಗಿದ್ದೀಯಂತೆ. ನೀನು ಯಾರು, ಯಾತಕ್ಕೆ ಹುಟ್ಟಿದೆ ಎಂದು ಈಗ ತಿಳಿಯಿತಂತೆ. ಮೇ ತಿಂಗಳಲ್ಲಿ ಸಭಾಪಾಲಕನ ದೀಕ್ಷೆಯಂತೆ. ಅದಕ್ಕೆ ಬೇಕಾದ ನಿಲುವಂಗಿಯನ್ನು "ನಮ್ಮ ಮನೆಯಲ್ಲೇ" ಹೊಲಿದುಕೊಡಬೇಕಂತೆ. ನಮ್ಮ ಮನೆ ಎನ್ನಲು ಯಾವ ನಾಲಿಗೆ ನಿನಗೆ? ಇದೇ ಮನೆಯಲ್ಲಿ, ಶನಿವಾರ ಮಧ್ಯಾಹ್ನ, ಹೆಣ್ಣಾಳುಗಳೆಲ್ಲ ಮನೆಗೆ ಹೋದ ಮೇಲೆ, ನಾನು ಬಟ್ಟೆ ಮುಟ್ಟಿಸಲು ಹೊರಗೆ ಹೋಗಿದ್ದಾಗ, ಇಸ್ಪೀಟಿಗೆ ಓಡಲು ನಿನಗೆ ಆತುರ. "ಮಾವ ಎಲ್ಲಿಗೆ ಹೋಗ್ತಾರೆ ಅಂತ ಅಮ್ಮನಿಗೆ ಹೇಳ್ತೀನಿ" ಎಂದಳು ನನ್ನ ಮಗು. ಅವಳನ್ನು ಇಸ್ತ್ರಿ ಕೋಣೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋದೆ. ಒಳಗೆ ಇಸ್ತ್ರಿಪೆಟ್ಟಿಗೆಯ ವೈರು ಹೊತ್ತಿತು. ಗಂಜಿ ಹಾಕಿದ ಬಿಳಿ ಬಟ್ಟೆಯ ರಾಶಿ ಹೊತ್ತಿತು. ಅವಳು ಬೆಂಕಿಯನ್ನು ಕೈಯಿಂದಲೇ ಬಡಿದಳು. ಮರೆತ ಕನ್ನಡಕಕ್ಕೆಂದು ಗುಂಡಿ ಅಜ್ಜಿ ವಾಪಸು ಬರದಿದ್ದರೆ, ಕೂಗು ಕೇಳಿ ಬೀದಿಯವರನ್ನು ಕರೆದು ಬೆಂಚಿನಿಂದ ಬಾಗಿಲು ಒಡೆಸದಿದ್ದರೆ, ನನಗೆ ಇವತ್ತು ಮಗಳಿಲ್ಲ. ಅಷ್ಟು ಹೊತ್ತೂ ನೀನು ಎಲೆ ಹಾಕುತ್ತ ಕೂತಿದ್ದೆ.

ಅಪ್ಪನ ನಿಯಮ ನೆನಪಿದೆಯಲ್ಲ? ಈ ಮನೆಯ ನಿಲುವಂಗಿಗೆ ಜೇಬು ಇರುವುದಿಲ್ಲ. ಪೀಠದ ಮುಂದೆ ನಿಲ್ಲುವವನ ಹತ್ತಿರ ಬಚ್ಚಿಡುವಂಥದ್ದು ಏನೂ ಇರಬಾರದು ಎನ್ನುತ್ತಿದ್ದರು. ನಿನಗೆ ಇಲ್ಲಿ ನಿಲುವಂಗಿ ಇಲ್ಲ.

ಹೊಲಿಗೆಮನೆಯ ಒಡತಿ

*

ಜನವರಿ ೨೯

ಪ್ರೀತಿಯ ಅಕ್ಕ,

ಹಾಗೆ ಕರೆಯಬೇಡ ಎಂದರೂ ಬೇರೆ ಏನೆಂದು ಕರೆಯಲಿ, ತಿಳಿಯಲಿಲ್ಲ.

ನೀನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ನ್ಯಾಯಾಲಯದಲ್ಲೂ ನಾನು ಇಲ್ಲ ಎನ್ನಲಿಲ್ಲ. ಜೈಲಿನಿಂದ ಬಂದ ಮೇಲೆ ಕತ್ತರಿ ಹಿಡಿಯಲಾಗಲಿಲ್ಲ. ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದೆ. ಹೊದಿಕೆ ಒಗೆಯುತ್ತಿದ್ದೆ, ಹಿಂಡುತ್ತಿದ್ದೆ. ಇಸ್ತ್ರಿ ಮಾಡುವ ಕಡೆ ಮಾತ್ರ ಕಾಲಿಡಲಾಗುತ್ತಿರಲಿಲ್ಲ. ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಜೊತೆಯವರು ನನಗೆ "ಹೊಸ್ತಿಲಪ್ಪ" ಎಂದು ಹೆಸರಿಟ್ಟರು.

ಆಸ್ಪತ್ರೆಯ ಆವರಣದಲ್ಲಿ ಒಂದು ಚಿಕ್ಕ ದೇವಾಲಯವಿತ್ತು. ಅಲ್ಲಿನ ಅಯ್ಯನವರು ನನ್ನ ಪೂರ್ವಾಪರ ಕೇಳಲಿಲ್ಲ. "ಬೆಳಿಗ್ಗೆ ಬೇಗ ಏಳ್ತೀಯಾ? ಹಾಗಾದ್ರೆ ಬಾಗಿಲು ತೆಗಿ, ನನಗೆ ಮೊಣಕಾಲು ನೋವು" ಎಂದು ಕೀಲಿಗೊಂಚಲು ಕೈಗೆ ಕೊಟ್ಟರು. ನಾನು ಕೀಲಿ ಮುಟ್ಟಿ ವರ್ಷಗಳೇ ಆಗಿದ್ದವು. ಕೈಯಿಂದ ಜಾರಿ ಬಿತ್ತು. ಅವರು ಬಗ್ಗಿ ಎತ್ತಿ ಮತ್ತೆ ಕೊಟ್ಟರು. ಅಂದಿನಿಂದ ಪ್ರತಿದಿನ ನಸುಕಿನಲ್ಲಿ ಬಾಗಿಲು ತೆಗೆಯುವುದು ನನ್ನ ಕೆಲಸವಾಯಿತು. ರಾತ್ರಿಯಿಡೀ ರೋಗಿಯ ಪಕ್ಕ ಕೂತಿದ್ದವರು ಬರುತ್ತಿದ್ದರು, ಅಳುತ್ತಿದ್ದರು, ಹೋಗುತ್ತಿದ್ದರು. ಒಂದು ದಿನ ನಾನೂ ಒಳಗೆ ಹೋಗಿ ಕೂತೆ. ಅಕ್ಕ, ಚಿಕ್ಕಂದಿನಿಂದ ನಿನ್ನ ಪಕ್ಕದಲ್ಲಿ ಕೂತು ಕೇಳಿದ ಮಾತುಗಳೇ. ಆದರೆ ಅವು ನನ್ನ ಬಗ್ಗೆ ಹೇಳಿದ ಮಾತುಗಳು ಎಂದು ಅವತ್ತಿನವರೆಗೆ ಹೊಳೆದಿರಲಿಲ್ಲ.

ತೆಗೆದ ಬಾಗಿಲನ್ನು ಮುಚ್ಚಲು ಮಾತ್ರ ಕೈ ಬರುತ್ತಿರಲಿಲ್ಲ. ಒಮ್ಮೆ ಗೋಡೆ ಗಡಿಯಾರ ಕಳುವಾಯಿತು. ಅಯ್ಯನವರು ಬೈಯುತ್ತಾರೆ ಎಂದುಕೊಂಡೆ. "ಹೋಗಲಿ ಬಿಡು, ಇನ್ನು ಭಾನುವಾರದ ಪ್ರಸಂಗ ಎಷ್ಟು ಉದ್ದ ಮಾಡಿದ್ರೂ ಯಾರೂ ಕೇಳೋ ಹಾಗಿಲ್ಲ" ಎಂದರು. ನನ್ನನ್ನು ಸಭಾಪಾಲಕನ ಓದಿಗೆ ಕಳಿಸಿದವರೂ ಅವರೇ. ಓದು ಮುಗಿಸಿ ಮತ್ತೆ ಇಲ್ಲೇ ಬಾಗಿಲು ತೆಗೆಯುತ್ತಿದ್ದೇನೆ.

ಕಲ್ಲು ಗಣಿಯ ಪಕ್ಕದ ಒಂದು ಸಣ್ಣ ಸಭೆಗೆ ನನ್ನನ್ನು ಹಾಕುತ್ತಾರೆ. ಬಹಳ ದೂರ. ಅಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ನಿಜವಾಗಿಯೂ ಹೊಸ ಮನುಷ್ಯನಾಗಿ ಹೋಗುತ್ತಿದ್ದೇನೆ ಎನ್ನಿಸಿ ಮನಸ್ಸು ಹಗುರವಾಗಿದೆ.

ಪದ್ಧತಿಯಂತೆ ನಾನು ಹುಟ್ಟಿ ಬೆಳೆದ ಸಭೆಗೂ ದೀಕ್ಷೆಯ ತಿಳಿವಳಿಕೆ ಪತ್ರ ಬರುತ್ತದೆ. ಮೂರು ಭಾನುವಾರ ಓದುತ್ತಾರೆ. ಆಕ್ಷೇಪಣೆ ಇದ್ದವರು ಬಿಷಪ್ಪರಿಗೆ ತಿಳಿಸಬಹುದು. ನೀನು ಬೇರೆಯವರ ಬಾಯಿಂದ ಮೊದಲು ಕೇಳಬಾರದೆಂದು ಬರೆದೆ. ಕೆಳಗೆ ನನ್ನ ಅಳತೆ ಇದೆ. ಹೊಲಿಯದಿದ್ದರೂ ಇಟ್ಟುಕೊ.

ನಿನ್ನ ತಮ್ಮ

*

ಫೆಬ್ರವರಿ ೧೦

ಹೊಸ್ತಿಲಪ್ಪನಿಗೆ,

ಒಳ್ಳೆಯ ಹೆಸರಿಟ್ಟಿದ್ದಾರೆ. ಅಲ್ಲೇ ಇರಬೇಕಿತ್ತು ನೀನು, ಹೊಸ್ತಿಲಾಚೆ.

ಎರಡು ಹಾಳೆ ತುಂಬ ಬರೆದಿದ್ದೀಯ. ಅಯ್ಯನವರ ಮೊಣಕಾಲಿಗೆ ಜಾಗವಿದೆ, ಕಳುವಾದ ಗಡಿಯಾರಕ್ಕೆ ಜಾಗವಿದೆ. ನನ್ನ ಮಗಳು ಹೇಗಿದ್ದಾಳೆ ಎಂಬ ಒಂದು ಸಾಲಿಗೆ ಜಾಗವಿಲ್ಲ.

ನಾನೇ ಹೇಳುತ್ತೇನೆ, ಕೇಳಿಕೊ. ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿವೆ. ಎಡಗೈಯ ಬೆರಳುಗಳು ನೆಟ್ಟಗಿವೆ, ಮಡಚುವುದಿಲ್ಲ. ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿಯುತ್ತಾಳೆ. ಹೊಲಿಗೆಮನೆಯ ಮಗಳು, ಸೂಜಿ ಹಿಡಿಯುವುದಿಲ್ಲ. ಪ್ರಭುಭೋಜನದಲ್ಲಿ ಎಲ್ಲರೂ ಕೈಚಾಚಿ ಅಯ್ಯನವರಿಂದ ರೊಟ್ಟಿ ತೆಗೆದುಕೊಳ್ಳುವಾಗ ಅವಳು ಮಗುವಿನ ಹಾಗೆ ಬಾಯಿ ತೆರೆಯಬೇಕು. ಪ್ರತಿಸಲ ಅದನ್ನು ನಾನು ಪಕ್ಕದಿಂದ ನೋಡಬೇಕು. ನಿನ್ನ ಮನಸ್ಸು ಹಗುರವಾಯಿತೇ? ಆಗಲಿ. ಭಾರವೆಲ್ಲ ಇಲ್ಲೇ ಬಿಟ್ಟು ಹೋಗಿದ್ದೀಯಲ್ಲ.

ನಿನ್ನ ತಿಳಿವಳಿಕೆ ಪತ್ರ ಬಂತು. ನಮ್ಮ ನೆಗಡಿ ಅಯ್ಯನವರು ಈ ಭಾನುವಾರ ಮೊದಲ ಸಲ ಓದಿದರು. ಬೇಸಿಗೆಗೆ ಅವರು ನಿವೃತ್ತರಾಗುತ್ತಾರೆ, ಮೂಗು ಮಾತ್ರ ಇವತ್ತಿಗೂ ನಿವೃತ್ತಿ ಕಂಡಿಲ್ಲ. ಮೂಗೊಳಗೇ ಓದಿದರೂ ನಿನ್ನ ಹೆಸರು ಎಲ್ಲರಿಗೂ ಕೇಳಿಸಿತು. ಇಡೀ ದೇವಾಲಯ ತಿರುಗಿ ನೋಡಿದ್ದು ಅವರನ್ನಲ್ಲ, ನನ್ನನ್ನು. ಹೊರಗೆ ಬರುವಾಗ ಖಜಾಂಚಿಯ ಹೆಂಡತಿ ಓಡಿಬಂದಳು.

"ಏನೇ ಹೇಳಿ, ನಿಮ್ಮ ತಮ್ಮನಿಗೆ ದೇವರು ಎಷ್ಟು ದೊಡ್ಡ ಕೃಪೆ ಮಾಡಿದ್ದಾನೆ ಅಲ್ವಾ?"

"ಮಾಡಿದ್ದಾನೆ. ನಿನ್ನ ಮಗನನ್ನ ಕೂಡಿಹಾಕಿ ಯಾರಾದ್ರೂ ಸುಡಲಿ, ಸುಟ್ಟವನಿಗೂ ಮಾಡ್ತಾನೆ," ಎಂದೆ.

ಅವಳು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟಿಕೊಳ್ಳದೆ ಹೋದಳು.

ನನ್ನ ಹೊಟ್ಟೆಯ ಉರಿ ಏನೆಂದು ಹೇಳಲೇ? ನೀನು ಎಲ್ಲಿಯಾದರೂ ಕುಡಿದು ಬಿದ್ದಿದ್ದರೆ, ಭಿಕ್ಷೆ ಬೇಡುತ್ತಿದ್ದರೆ, ನಾನು ನೆಮ್ಮದಿಯಾಗಿ ಇರುತ್ತಿದ್ದೆ. ಅಡಗಿಕೊಳ್ಳಲು ನಿನಗೆ ಬೇರೆ ಜಾಗವೇ ಸಿಗಲಿಲ್ಲವೇ? ಇಷ್ಟು ವರ್ಷ ಮುಂದಿನ ಸಾಲಿನಲ್ಲಿ ಕೂತು ದೇವರ ಮುಖ ನೋಡಿದವಳು ನಾನು. ನೀನು ಹಿಂಬಾಗಿಲಿನಿಂದ ಬಂದು ಅವನ ಮಡಿಲಲ್ಲೇ ಕೂತಿದ್ದೀಯ.

ಆಕ್ಷೇಪಣೆ ಬರೆಯುವ ಹಕ್ಕು ಸಮಿತಿಯ ಅಧ್ಯಕ್ಷೆಗೆ ಮೊದಲು. ನನ್ನ ಒಂದು ಮಾತಿಗೆ ಬಿಷಪ್ಪರು ನಿಂತು ಯೋಚಿಸುತ್ತಾರೆ. ಲೇಖನಿ ನನ್ನ ಕೈಯಲ್ಲಿದೆ.

ಇನ್ನೊಂದು. ನಿನ್ನ ಬಟ್ಟೆ ಕತ್ತರಿಸಿಯಾಗಿದೆ. ನೀನು ಕಳಿಸಿದ ಅಳತೆಗಲ್ಲ. ಮೊಳೆಗೆ ನೇತುಹಾಕಿದ್ದ, ನಿನ್ನ ಮೈಯಳತೆಯ ಹಳೆಯ ಕಾಗದದ ಅಚ್ಚು ಇನ್ನೂ ಇತ್ತು.

ಹೊಲಿಗೆಮನೆಯ ಒಡತಿ

*

ಫೆಬ್ರವರಿ ೨೪

ಅಕ್ಕ,

ಬಟ್ಟೆ ಕತ್ತರಿಸಿದೆ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ನನ್ನ ಹಳೆಯ ಅಚ್ಚನ್ನು ಇಷ್ಟು ವರ್ಷ ತೆಗೆದೆಸೆಯದೆ ಇಟ್ಟಿದ್ದೀಯ. ಬಾಯಲ್ಲಿ ಏನೇ ಅಂದರೂ ನಿನ್ನ ಮನಸ್ಸು ಕರಗಿದೆ ಎಂದು ನನಗೆ ಗೊತ್ತಾಯಿತು. ಬೆಳಿಗ್ಗೆ ಬಾಗಿಲು ತೆಗೆದು, ಯಾರೂ ಇಲ್ಲದ ದೇವಾಲಯದಲ್ಲಿ ಕೂತು ಅತ್ತೆ.

ಮಗುವಿನ ಬಗ್ಗೆ ಕೇಳಲಿಲ್ಲ, ನಿಜ. ಆ ಶಬ್ದ ಬರೆಯಲು ಲೇಖನಿ ಏಳಲಿಲ್ಲ. ನನ್ನನ್ನು ನೋಡುವ ಕಷ್ಟ ಅವಳಿಗೆ ಯಾವತ್ತೂ ಬಾರದಿರಲಿ ಎಂದು ಪ್ರಾರ್ಥಿಸುತ್ತೇನೆ. ಗಣಿಯ ಸಭೆ ದೂರವಿರುವುದು ಅದಕ್ಕೂ ಒಳ್ಳೆಯದೇ ಆಯಿತು.

ಅಂಗಿ ಸಡಿಲವಾಗುತ್ತದೆ. ನಾನು ಮೊದಲಿನ ಅರ್ಧ ಆಗಿದ್ದೇನೆ. ಪರವಾಗಿಲ್ಲ.

ನಿನ್ನ ತಮ್ಮ

*

ಮಾರ್ಚ್ ೩

ದಡ್ಡನಿಗೆ,

ಅಚ್ಚು ಇಟ್ಟುಕೊಂಡದ್ದು ಪ್ರೀತಿಗಲ್ಲ. ಮರೆಯಬಾರದೆಂದು. ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಅದನ್ನು ನೋಡುತ್ತಿದ್ದೆ, ಬೇರೆಯವರು ಕ್ಯಾಲೆಂಡರ್ ನೋಡುವ ಹಾಗೆ. ಹಳೆಯ ಅಳತೆಗೆ ಕತ್ತರಿಸಿದ್ದೂ ಕರುಣೆಯಿಂದಲ್ಲ. ಆ ಅಳತೆಯ ಮನುಷ್ಯ ಎಲ್ಲಿ ಹೋದ ಎಂದು ನಿನ್ನನ್ನು ಕೇಳಬೇಕಿತ್ತು.

ಆಕ್ಷೇಪಣೆ ಬರೆದಿದ್ದೇನೆ. ಒಂದೇ ಹಾಳೆ, ನಡೆದದ್ದು ನಡೆದ ಹಾಗೆ. "ಒಂದು ಮಗುವನ್ನು ಕೂಡಿಹಾಕಿ ಬೀಗ ಹಾಕಿದವನ ಕೈಗೆ ದೇವರ ಮಂದೆಯನ್ನು ಕೊಡಬೇಡಿ" ಎಂದು ಮುಗಿಸಿದ್ದೇನೆ. ಅದು ಈಗ ಮೇಜಿನ ಮೇಲೆ ಅಪ್ಪನ ಕತ್ತರಿಯ ಕೆಳಗಿದೆ. ಮೊನ್ನೆಯೇ ಅಂಚೆಗೆ ಹೋಗಬೇಕಿತ್ತು. ಹೋಗದಿರಲು ಕಾರಣ ನಿನ್ನ ಸೋದರಸೊಸೆ.

ಅವಳಿಗೆ ಅದನ್ನು ಓದಿ ಹೇಳಿದೆ. ಮಗಳು ನನ್ನ ಹೆಗಲಿಗೆ ಒರಗಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಗಾಯಕವೃಂದದ ಮಕ್ಕಳ ಬಿಳಿ ಅಂಗಿಗಳನ್ನು ಮುಂಗೈಯಿಂದ ಒತ್ತಿ ಮಡಚುತ್ತಿದ್ದಳು. ಆ ಮಕ್ಕಳಿಗೆ ಹಾಡು ಕಲಿಸುವವಳು ಅವಳೇ. ಕೈ ಬೀಸಿ ತಾಳ ತೋರಿಸಿದರೆ ನಲವತ್ತು ಬಾಯಿ ಒಟ್ಟಿಗೆ ತೆರೆಯುತ್ತವೆ.

"ಚೆನ್ನಾಗಿ ಬರೆದಿದ್ದೀಯಮ್ಮ. ಕಳಿಸ್ತೀಯಾ?"

"ಕಳಿಸ್ದೆ ಇರ್ತೀನಾ?"

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ನಿನ್ನ ಕೈ ನೋಡಿದ್ರೆ ಸಾಲ್ದಾ? ಬಾಯಿಂದ ಬೇರೆ ಕೇಳ್ಬೇಕಾ?"

ಅವಳು ಅಂಗಿ ಬಿಟ್ಟು ನನ್ನ ಎದುರಿಗೆ ಬಂದು ನಿಂತಳು. ನನಗಿಂತ ಎತ್ತರ ಬೆಳೆದಿದ್ದಾಳೆ, ಅವತ್ತು ಗಮನಿಸಿದೆ.

"ಅಮ್ಮ, ನಿನ್ನ ಸಿಟ್ಟಿಗೆ ಸಾಕ್ಷಿ ಹೇಳಿ ಹೇಳಿ ಈ ಕೈಗಳಿಗೆ ಸುಸ್ತಾಗಿದೆ. ಮನೆಗೆ ಯಾರೇ ಬರಲಿ, 'ತೋರಿಸು ಕಂದ' ಅಂತೀಯ. ಇವು ನನ್ನ ಕೈಯಮ್ಮ. ಇವಕ್ಕೆ ಬೇರೆ ಕೆಲಸ ಇದೆ."

"ಹಾಗಾದ್ರೆ ಅವನನ್ನ ಕ್ಷಮಿಸಿಬಿಟ್ಯಾ?"

"ಅದು ನನಗೂ ಮಾವನಿಗೂ ಇರೋ ಮಾತು. ಅವರು ಬಂದು ಕೇಳ್ಲಿ, ಆಮೇಲೆ ನೋಡೋಣ. ಮಾವನಿಗೆ ತಾನು ಯಾರು ಅಂತ ಗೊತ್ತಾಗಿದೆಯಂತೆ. ನಾನು ಯಾರು ಅಂತ ಭಾನುವಾರ ಆ ಮಕ್ಕಳ ಮುಂದೆ ನಿಂತಾಗ ನನಗೆ ಗೊತ್ತಿದೆ. ಮಾವನ ತಪ್ಪನ್ನೂ ನನ್ನ ಕೈಯನ್ನೂ ತೆಗೆದ್ರೆ ನೀನ್ಯಾರಮ್ಮ?"

ಕೆನ್ನೆಗೆ ಹೊಡೆಯಲು ಕೈ ಎತ್ತಿದೆ. ಗುಂಡಿ ಅಜ್ಜಿ, "ಅಮ್ಮಾವ್ರೇ, ಹೊಡೆಯೋದಾದ್ರೆ ಬೇಗ ಹೊಡೀರಿ, ಕಾಜ ಹಾಕೋದು ಬಾಕಿ ಇದೆ," ಎಂದಳು. ಕೈ ಇಳಿಸಿದೆ.

ಸಿಟ್ಟು ಇಳಿದಿಲ್ಲ. ನಿನ್ನ ಮೇಲೆ ಇದ್ದದ್ದಕ್ಕೆ ಇನ್ನಷ್ಟು ಸೇರಿದೆ. ಈಗ ನನ್ನ ಮಗಳ ಬಾಯಿಂದಲೂ ನಿನ್ನ ದೆಸೆಯಿಂದ ಮಾತು ಕೇಳಬೇಕಾಯಿತು.

ಹಾಳೆ ಕತ್ತರಿಯ ಕೆಳಗೇ ಇದೆ.

ಹೊಲಿಗೆಮನೆಯ ಒಡತಿ

*

ಮಾರ್ಚ್ ೧೬

ಅಕ್ಕ,

ಕಳಿಸಿಬಿಡು. ನಾನು ಮುನಿಸಿನಿಂದ ಹೇಳುತ್ತಿಲ್ಲ. ನೀನು ಬರೆದದ್ದು ಸತ್ಯ. ಸತ್ಯವನ್ನು ಕೇಳಿ ನಿಲ್ಲಲಾಗದ ದೀಕ್ಷೆ ನನಗೂ ಬೇಡ. ಆಕ್ಷೇಪಣೆಯನ್ನು ಬಿಷಪ್ಪರು ಒಪ್ಪಿದರೆ ನಾನು ಈ ಆಸ್ಪತ್ರೆಯ ದೇವಾಲಯದ ಬಾಗಿಲು ತೆಗೆಯುತ್ತ ಇರುತ್ತೇನೆ. ನಾನು ಯಾರೆಂಬುದನ್ನು ಆ ಕೆಲಸದಲ್ಲೇ ಕಂಡುಕೊಂಡೆ, ನಿಲುವಂಗಿಯಲ್ಲಿ ಅಲ್ಲ.

"ಅವರು ಬಂದು ಕೇಳಲಿ" ಎಂದು ಅವಳು ಹೇಳಿದ್ದನ್ನು ಓದಿದ ಮೇಲೆ ನಿದ್ದೆ ಬಂದಿಲ್ಲ. ಒಂದು ವಿಷಯ ಮುಚ್ಚಿಟ್ಟಿದ್ದೆ. ಬಿಷಪ್ಪರು ಮೊದಲು ಹೇಳಿದ್ದು ಗಣಿಯ ಸಭೆಯನ್ನಲ್ಲ. "ನಿಮ್ಮ ಊರಿನ ಅಯ್ಯನವರು ನಿವೃತ್ತರಾಗ್ತಾರೆ, ಅಲ್ಲಿಗೆ ಹೋಗ್ತೀಯಾ?" ಎಂದು ಕೇಳಿದ್ದರು. ನಾನು ಅವರ ಕಾಲು ಹಿಡಿಯುವುದೊಂದು ಬಾಕಿ, ಅಲ್ಲಿಗೆ ಮಾತ್ರ ಬೇಡ ಎಂದು ಬೇಡಿಕೊಂಡೆ. ನಿನಗೆ ಕಷ್ಟವಾಗಬಾರದು, ಮಗುವಿಗೆ ನೋವಾಗಬಾರದು ಎಂದೆಲ್ಲ ಕಾರಣ ಕೊಟ್ಟೆ. ನಿಜ ಏನೆಂದರೆ ನನಗೆ ಹೆದರಿಕೆ. ಆ ಮುಂದಿನ ಸಾಲಿನ ಎಡತುದಿಯ ಹೆದರಿಕೆ.

ತಮ್ಮ

*

ಏಪ್ರಿಲ್ ೨

ನಮ್ಮ ಸಭೆಯ ಹೊಸ ಅಯ್ಯನವರಿಗೆ,

ಮೇಲಿನ ಸಾಲನ್ನು ಇನ್ನೊಮ್ಮೆ ಓದು. ತಪ್ಪಾಗಿ ಬರೆದಿಲ್ಲ.

ನಿನ್ನ ಪತ್ರ ಕೈಗೆ ಬಂದ ದಿನ ಮೊದಲ ಸಲ ನಿನ್ನ ಮಾತಿನಿಂದ ನನಗೆ ಸಂತೋಷವಾಯಿತು. ಹೆದರಿಕೆ ಎಂದೆಯಲ್ಲ, ಆ ಮಾತಿನಿಂದ. ಇಷ್ಟು ವರ್ಷ ನಿನ್ನನ್ನು ಹೇಗೆ ಹಿಡಿಯುವುದೆಂದು ತಿಳಿಯದೆ ಒದ್ದಾಡುತ್ತಿದ್ದವಳಿಗೆ ನೀನೇ ದಾರಿ ತೋರಿಸಿದೆ. ಆಕ್ಷೇಪಣೆ ಕಳಿಸಿದ್ದರೆ ಏನಾಗುತ್ತಿತ್ತು? ಆ ಆಸ್ಪತ್ರೆಯ ಬಾಗಿಲಲ್ಲಿ, ನಿನ್ನನ್ನು ಕೊಂಡಾಡುವ ಜನರ ನಡುವೆ, ಹುತಾತ್ಮನ ಮುಖ ಹೊತ್ತುಕೊಂಡು ಹಾಯಾಗಿರುತ್ತಿದ್ದೆ. ಸುಮ್ಮನಿದ್ದರೆ ಗಣಿಗೆ ಹೋಗುತ್ತಿದ್ದೆ. ಬಲ್ಲವರೇ ಇಲ್ಲದ ಊರಿನಲ್ಲಿ ಹೊಸ ಮನುಷ್ಯನಾಗುವುದು ಯಾವ ದೊಡ್ಡಸ್ತಿಕೆ? ಅಲ್ಲಿ ಯಾವ ಕಳ್ಳನಾದರೂ ಹೊಸಬನೇ. ಹಳಬನನ್ನು ಕಣ್ಣಾರೆ ಕಂಡವರ ಮುಂದೆ ನಿಂತು ಹೊಸಬನಾಗು. ಆಗ ನಾನೂ ನೋಡುತ್ತೇನೆ, ನಿನ್ನ ಕರ್ತ ಏನು ಮಾಡಿದ್ದಾನೆಂದು.

ಬಿಷಪ್ಪರ ಹತ್ತಿರ ನಾನೇ ಹೋದೆ. ಮಗಳೂ ಬಂದಳು. ಅವಳು ಬರುವುದು ನನಗೆ ಇಷ್ಟವಿರಲಿಲ್ಲ, "ನನ್ನ ಕೈ ಇಲ್ದೆ ನೀನು ಎಲ್ಲಿಗಾದ್ರೂ ಹೋಗಿದ್ದೀಯಾ?" ಎಂದು ಕೇಳಿ ಬಾಯಿ ಮುಚ್ಚಿಸಿದಳು.

ಬಿಷಪ್ಪರು ನನ್ನನ್ನು ನೋಡಿದೊಡನೆ ಕುರ್ಚಿ ಬಿಟ್ಟು ಎದ್ದರು. "ಆಕ್ಷೇಪಣೆ ಬರುತ್ತೆ ಅಂತ ಕಾಯ್ತಾ ಇದ್ದೆ," ಎಂದರು.

"ಆಕ್ಷೇಪಣೆ ಇಲ್ಲ. ಒಂದು ಷರತ್ತಿದೆ. ಅವನನ್ನ ನಮಗೇ ಕೊಡಿ."

ಅವರು ಕನ್ನಡಕ ತೆಗೆದು ಒರೆಸಿದರು. "ಅಮ್ಮ, ಇದು ಕ್ಷಮೆಯೋ, ಶಿಕ್ಷೆಯೋ?"

"ಅದನ್ನ ತೀರ್ಮಾನ ಮಾಡೋದು ನಿಮ್ಮ ಕೆಲಸ ಅಲ್ಲ. ನನ್ನದೂ ಅಲ್ಲ ಅಂತ ಇವಳು ಹೇಳ್ತಾಳೆ. ನೀವು ಆದೇಶ ಬರೀರಿ."

ಅವರು ಮಗಳ ಕಡೆ ತಿರುಗಿದರು. "ನೀನೇನು ಹೇಳ್ತೀಯಮ್ಮ?"

"ಮಾವ ಬರಲಿ ಸ್ವಾಮಿ. ದೇವಾಲಯದ ಬಾಗಿಲು ತೆಗೆಯೋರು ಬೇಕಾಗಿದ್ದಾರೆ. ನಮ್ಮಲ್ಲಿ ಎಲ್ಲರೂ ತಡವಾಗಿ ಏಳ್ತಾರೆ," ಎಂದಳು. ಅವರು ನಕ್ಕುಬಿಟ್ಟರು. ಸಮಿತಿಯ ಒಪ್ಪಿಗೆಯ ಜಾಗದಲ್ಲಿ ನಾನು ಅಲ್ಲೇ ಸಹಿ ಹಾಕಿದೆ. ಆದೇಶ ಈ ಪತ್ರಕ್ಕಿಂತ ಮೊದಲೇ ನಿನ್ನನ್ನು ಸೇರಿರುತ್ತದೆ. ಇನ್ನು ಯಾರ ಕಾಲು ಹಿಡಿದರೂ ಅದು ಬದಲಾಗುವುದಿಲ್ಲ.

ನಿಲುವಂಗಿ ಇದರ ಜೊತೆಗಿದೆ. ಆಕ್ಷೇಪಣೆಯ ಹಾಳೆ ಗಟ್ಟಿ ಕಾಗದ. ವ್ಯರ್ಥ ಮಾಡಲಿಲ್ಲ, ಅದರಲ್ಲೇ ನಿನ್ನ ಕಾಲರಿನ ಅಚ್ಚು ಕತ್ತರಿಸಿದೆ. ಅಂಗಿ ಸಡಿಲವಾಗುತ್ತದೆ. ಬಿಗಿ ಮಾಡಿಕೊಡುವುದಿಲ್ಲ. ಹಳೆಯ ಮನುಷ್ಯನ ಅಳತೆಯೊಳಗೇ ನಿಂತು ಪ್ರಸಂಗ ಮಾಡು.

ಎಡಭಾಗದಲ್ಲಿ ಕೈ ಇಟ್ಟು ನೋಡು. ಅಪ್ಪನ ಕಾಲದಿಂದ ಈ ಮನೆಯಲ್ಲಿ ಹೊಲಿದ ನಿಲುವಂಗಿಗಳಲ್ಲಿ ಜೇಬಿರುವುದು ಇದೊಂದಕ್ಕೇ. ನನ್ನ ಕೈಯಿಂದಲೇ ಇಟ್ಟಿದ್ದೇನೆ. ಅದರೊಳಗೆ ಇಸ್ತ್ರಿ ಕೋಣೆಯ ಕೀಲಿ ಇದೆ. ಅವತ್ತು ನಿನ್ನ ಜೇಬಿನಿಂದ ತೆಗೆದು ನನ್ನ ಕಾಲ ಬಳಿ ಎಸೆದು ಓಡಿದೆಯಲ್ಲ, ಅದೇ. ಆ ಬಾಗಿಲು ಇಲ್ಲ, ಆ ಬೀಗ ಇಲ್ಲ. ಕೀಲಿಯ ಭಾರ ಮಾತ್ರ ಉಳಿದಿದೆ, ಅದನ್ನು ಇಷ್ಟು ದಿನ ನಾನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ. ಇನ್ನು ನಿನ್ನದು. ಜೇಬಿನ ಬಾಯಿಯನ್ನು ಜೋಡಿ ದಾರದಲ್ಲಿ ಹೊಲಿದುಬಿಡಬೇಕೆಂದಿದ್ದೆ. ಮಗಳು ಅಂಗಿಯ ಮೇಲೆ ಮುಂಗೈ ಊರಿ ಬಿಡಲಿಲ್ಲ. "ಬಾಯಿ ತೆರೆದೇ ಇರ್ಲಿ ಅಮ್ಮ. ತೆಗೆದು ಯಾರ ಕೈಗೆ ಕೊಡ್ಬೇಕು ಅಂತ ಅವರಿಗೇ ಗೊತ್ತಾಗ್ಲಿ," ಎಂದಳು. ಹಾಗೇ ಬಿಟ್ಟಿದ್ದೇನೆ. ಅವಳ ಮಾತಿಗೆ ಬಿಟ್ಟೆ, ನಿನ್ನ ಮುಖಕ್ಕಲ್ಲ.

ನನ್ನ ಸೊಂಟ ಹಗುರವಾಗಿದೆ. ಎರಡು ದಿನ ನಡೆಯಲು ಏನೋ ತಪ್ಪಿದಂತಾಗುತ್ತಿತ್ತು. ಅಭ್ಯಾಸವಾಗುತ್ತದೆ.

ದೀಕ್ಷೆಯ ಮರು ಭಾನುವಾರ ನಿನ್ನ ಮೊದಲ ಪ್ರಭುಭೋಜನ. ಮುಂದಿನ ಸಾಲಿನ ಎಡತುದಿಯಲ್ಲಿ ನಾನಿರುತ್ತೇನೆ. ಪಕ್ಕದಲ್ಲಿ ಅವಳು. ಈ ಸಲ ಬಾಯಿ ತೆರೆಯುವುದಿಲ್ಲವಂತೆ, ಎಲ್ಲರ ಹಾಗೆ ಕೈಚಾಚುತ್ತಾಳಂತೆ. ಎಡಗೈಯ ಆ ಬೆರಳುಗಳು ಮುಚ್ಚಿ ಹಿಡಿಯುವುದಿಲ್ಲ. ರೊಟ್ಟಿ ಬೀಳದ ಹಾಗೆ ಇಡುವುದು ನಿನ್ನ ಕೆಲಸ. ನಿನ್ನ ಕೈ ನಡುಗುತ್ತದೆಯೇ ಇಲ್ಲವೇ ಎಂದು ನಾನು ನೋಡುತ್ತಿರುತ್ತೇನೆ.

ಸಹಿ ಹಾಕಿದ್ದಾಯಿತು. ಪಾರ್ಸೆಲ್ ಇವತ್ತೇ ಅಂಚೆಗೆ ಹೋಗುತ್ತದೆ.

ನಿನ್ನ ಅಕ್ಕ